ಹುಟ್ಟಿನಿಂದ ಬಂದ ಎಳೆ

ಹೋದ ಭಾದ್ರಪದದಲ್ಲಿ ಒಂದು ಕೆಲಸದ ಮೇಲೆ ಧಾರವಾಡದಿಂದ ನವಲಗುಂದಕ್ಕೆ ಹೊರಟಿದ್ದೆ. ಮೊರಬ ಹತ್ತಿರ ಬಂದಂತೆ ಬಸ್ಸು ನಿಧಾನವಾಯಿತು. ಹಾದುಹೋಗುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡಲಿ ಎಂದು ಡಾಂಬರು ರಸ್ತೆಯ ಅರ್ಧಕ್ಕೆ ಹೆಸರಿನ ಗಿಡ ಹರವಿದ್ದರು. ಕಿಟಕಿಯಿಂದ ವಾಸನೆ ಒಳಗೆ ಬಂತು. ಅರ್ಧ ಒಣಗಿ ಅರ್ಧ ಹಸಿಯಾಗಿ ಉಳಿದ ಸೊಪ್ಪಿನ ವಾಸನೆ, ಅದರ ಜೊತೆ ತೊಯ್ದ ಎರೆಮಣ್ಣಿನದು. ನೋಡುತ್ತಿದ್ದ ಫೋನನ್ನು ಚೀಲದಲ್ಲಿಟ್ಟೆ. ಈ ಊರಿನಲ್ಲಿ ನಾನು ಕಳೆದ ಒಂದು ವರ್ಷ ಆ ವಾಸನೆಯ ಬೆನ್ನು ಹತ್ತಿ ಬಂದುಬಿಟ್ಟಿತ್ತು.

ಆಗ ನಾನು ಡಾಕ್ಟರಿಕೆಯ ಓದು ಮುಗಿಸಿ ಆಗಷ್ಟೇ ಹೊರಬಿದ್ದವಳು. ಒಂದು ವರ್ಷ ಹಳ್ಳಿಯಲ್ಲಿ ಕೆಲಸ ಮಾಡಬೇಕಿತ್ತು, ಮೊರಬದ ಆಸ್ಪತ್ರೆಗೆ ಹಾಕಿದರು. ಹುಟ್ಟಿ ಬೆಳೆದದ್ದು ಧಾರವಾಡ ಪೇಟೆಯಲ್ಲಿ. ತಾಸೊಪ್ಪತ್ತಿನ ದಾರಿಯಾದರೂ ಎರೆಭೂಮಿಯ ಮಳೆಗಾಲ ನಾನು ಕಂಡಿರಲಿಲ್ಲ. ಜೂನ್ ತಿಂಗಳ ಮಿರಗದ ಮಳೆ ಬಿದ್ದ ಮರುದಿನ ಹೊಸ ಚಪ್ಪಲಿ ಹಾಕಿಕೊಂಡು ಹೊರಟವಳು, ಆಸ್ಪತ್ರೆ ಮುಟ್ಟುವಾಗ ಎರಡೂ ಕಾಲಿಗೆ ಒಂದೊಂದು ರೊಟ್ಟಿಕಲ್ಲು ಕಟ್ಟಿಕೊಂಡಂತೆ ಕಾಲೆಳೆಯುತ್ತಿದ್ದೆ. ನರ್ಸಮ್ಮ ನೋಡಿ ನಕ್ಕು ಒಂದು ಕಡ್ಡಿ ಕೊಟ್ಟರು. ಮಣ್ಣು ಕೆರೆದುಕೊಳ್ಳುವ ಕಡ್ಡಿ. ಅಲ್ಲಿಯ ಪ್ರತಿ ಬಾಗಿಲ ಹೊರಗೂ ಅಂಥದೊಂದು ಇರುತ್ತಿತ್ತು.

ಜ್ವರ, ಕೆಮ್ಮು, ಚೇಳು ಕಡಿದವರು, ಬಸುರಿಯರು. ಬೆಳಗಿನಿಂದ ಮಧ್ಯಾಹ್ನದವರೆಗೆ ಕೈತುಂಬ ಕೆಲಸ. ಅಂಥ ಒಂದು ಬೆಳಿಗ್ಗೆ ಭೂಮಿಕಾಳನ್ನು ಅವಳ ತಾಯಿ ಶೋಭಾ ಕರೆದುಕೊಂಡು ಬಂದಳು. ಹಿಂದೆ ಶೋಭಾಳ ಅತ್ತೆ ನೀಲವ್ವ. ಊರ ಹೊರಗಿನ ಹೊಲದಲ್ಲಿ ಮನೆ ಮಾಡಿಕೊಂಡಿದ್ದ ಒಕ್ಕಲುತನದ ಕುಟುಂಬ ಅವರದು. ಹಣೆಯ ಮೇಲೆ ವಿಭೂತಿ, ತಲೆ ತುಂಬ ಸೆರಗು, ಮಾತು ಕಡಿಮೆ. ನೀಲವ್ವ ಕುರ್ಚಿ ಹಿಡಿದು ನೆಟ್ಟಗೆ ಕೂತಳು.

ಭೂಮಿಕಾಗೆ ಆಗ ಆರು ತುಂಬುತ್ತ ಬಂದಿತ್ತು. ನೋಡಿದರೆ ನಾಲ್ಕರ ಹುಡುಗಿ ಎನ್ನಬೇಕು. ಕೈಕಾಲು ಕಡ್ಡಿ, ಕಣ್ಣು ಮಾತ್ರ ಚುರುಕು.

“ಹೊಟ್ಟಿನೋವು ಅಂತಾಳ್ರಿ ಬಾಯಾರ,” ಎಂದಳು ಶೋಭಾ. ಹೆಣ್ಣು ಡಾಕ್ಟರನ್ನು ಅಲ್ಲಿಯವರು ಕರೆಯುವುದೇ ಬಾಯಾರು ಎಂದು. “ಉಂಡ ಮ್ಯಾಲ ಬರತೈತಿ. ಮೊಣಕಾಲು ಮಡಚಗೊಂಡು ಬಿದ್ದ ಒದ್ದಾಡತಾಳ. ಒಮ್ಮೊಮ್ಮಿ ಕಾರಿಕೊಳ್ಳತಾಳ. ಆಮ್ಯಾಲ ತಾನ ಎದ್ದು ಆಡಾಕ ಹೊಕ್ಕಾಳ.”

“ಜಂತಿನ ಔಷಧ?”

“ಭಾಳ ಸಲ ಆಗೇತ್ರಿ. ದೃಷ್ಟಿನೂ ತೆಗಸೇವಿ.”

ನಾನು ಹೊಟ್ಟೆ ಮುಟ್ಟಿ ನೋಡಿದೆ. ಮೆತ್ತಗೆ, ಏನೂ ಇಲ್ಲ. ಭೂಮಿಕಾ ಕಚಗುಳಿಯಾಗಿ ಕಿಸಕ್ಕೆಂದಳು. ಇಂಥ ಮಕ್ಕಳನ್ನು ನೋಡಿದ ಯಾರಿಗಾದರೂ ಶಾಲೆ ತಪ್ಪಿಸುವ ನಾಟಕ ಎಂದೇ ಅನಿಸುತ್ತದೆ. ಆದರೆ ತೂಕದ ಮೇಲೆ ನಿಲ್ಲಿಸಿದಾಗ ಬಂದ ಅಂಕಿ ನಾಟಕದ್ದಾಗಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬರಲು ಹೇಳಿದೆ. ಮಾಡಿಸಿದರು. ಅದರಲ್ಲೂ ಏನೂ ಕಾಣಲಿಲ್ಲ.

ನಾಗರಪಂಚಮಿಗೆ ನೀಲವ್ವ ನನ್ನನ್ನು ಮನೆಗೆ ಕರೆದಳು. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಶೇಂಗಾ ಉಂಡಿ, ಎಳ್ಳುಂಡಿ, ಕಡಲಿ ಉಂಡಿ ಬುಟ್ಟಿ ತುಂಬ. ನನ್ನ ತಾಟಿಗೆ ಒಂದರ ಮೇಲೊಂದು ಬಿದ್ದವು, ಭೂಮಿಕಾಳ ಕೈಗೆ ಮಾತ್ರ ಅರ್ಧ ಉಂಡಿ. ಉಳಿದರ್ಧವನ್ನು ನೀಲವ್ವ ತಾನೇ ಬಟ್ಟಲಲ್ಲಿಟ್ಟು ಮುಚ್ಚಿದಳು. ಹುಡುಗಿಯೂ ಹಟ ಮಾಡಲಿಲ್ಲ. ಆ ಅರ್ಧವನ್ನೂ ತಿರುಗಿಸಿ ತಿರುಗಿಸಿ ನೋಡಿ, ಅಂಜಿ ಅಂಜಿ ಕಡಿದಳು. ಸಿಹಿ ಎಂದರೆ ಅಂಜುವ ಮಗುವನ್ನು ನಾನು ನೋಡಿದ್ದು ಅದೇ ಮೊದಲು.

ಊಟವಾಗಿ ಸ್ವಲ್ಪ ಹೊತ್ತಿಗೆ ಅವಳು ಜೋಕಾಲಿಯಿಂದ ಇಳಿದು ಬಂದು ಗೋಡೆಯ ಬದಿಗೆ ಮಲಗಿಬಿಟ್ಟಳು. ಮುಖದಲ್ಲಿ ಬೆವರು. ನಾನು ಹೋಗಿ ಹೊಟ್ಟೆಯ ಮೇಲೆ ಕೈಯಿಟ್ಟೆ. ಒಳಗೆ ಏನೋ ಹೊರಳಿ, ಬಿಗಿದು, ಸಡಿಲಾಗುತ್ತಿತ್ತು. ಅಂಗೈಗೆ ಗೊತ್ತಾಗುವ ಹಾಗೆ.

ನೀಲವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಸೊಸೆಯನ್ನು ಕೇಳಿದಳು. “ಏನ್ ತಿನಸಿದಿ?”

“ಏನಿಲ್ರಿ ಅತ್ತಿ. ನೀವು ಕೊಟ್ಟದ್ದಷ್ಟ.”

“ಏನರ ತಿನಸಿರತಿ. ಸುಮ್ಮನ ಬರೂದಿಲ್ಲ ಅದು.”

ಶೋಭಾ ಸೆರಗಿನಿಂದ ಮಗಳ ಬೆವರು ಒರೆಸಿದಳು. ಈ ಪ್ರಶ್ನೆ ಅವಳಿಗೆ ಹೊಸದಲ್ಲ ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಅಷ್ಟರಲ್ಲಿ ಭೂಮಿಕಾ ಎದ್ದು ಕೂತಳು. ನೋವು ಹೋಗಿತ್ತು. ಮತ್ತೆ ಜೋಕಾಲಿಗೆ ಓಡಿದಳು.

ನಾನು ಅಂದು ಹೊರಡುವಾಗ ಶೋಭಾಗೂ ಅವಳ ಗಂಡ ಈರಣ್ಣನಿಗೂ ಒಂದೇ ಮಾತು ಹೇಳಿದೆ. “ನೋವು ಹೋದ ಮ್ಯಾಲ ತೋರಿಸಿದ್ರ ಯಾರಿಗೂ ಏನೂ ಕಾಣೂದಿಲ್ಲ. ಮುಂದಿನ ಸಲ ನೋವು ಇದ್ದಾಗನ ಕರಕೊಂಡ ಬರ್ರಿ. ವಾಂತಿ ಹಸರು ಬಣ್ಣಕ್ಕ ಬಂತಂದ್ರ ಒಂದ ಕ್ಷಣನೂ ನಿಂದರಬ್ಯಾಡ್ರಿ.” ಹಸಿರು ಎಂದರೆ ಪಿತ್ತ. ಕೆಳಗೆ ಹೋಗಬೇಕಾದದ್ದು ದಾರಿ ಕಟ್ಟಿ ಮೇಲೆ ಬರುತ್ತಿದೆ ಎಂದು ಅರ್ಥ. ಇದನ್ನೂ ಬಿಡಿಸಿ ಹೇಳಿದೆ. ಒಳಗೆ ಉಂಡಿಯ ಬುಟ್ಟಿ ಎತ್ತಿಡುತ್ತಿದ್ದ ನೀಲವ್ವನಿಗೆ ನನ್ನ ಮಾತು ಕೇಳಿಸಿರಲಿಲ್ಲ.

ಹೆಸರು ಕಟಾವಿಗೆ ಬರುವ ಹೊತ್ತಿಗೆ ಭಾದ್ರಪದದ ಹುಬ್ಬಿ ಮಳೆ ಹಿಡಿಯಿತು. ಎಲ್ಲರ ಕಣ್ಣೂ ಮುಗಿಲ ಮೇಲೆ. ಒಂದಿಷ್ಟು ಬಿಸಿಲು ಕಂಡರೆ ಸಾಕು, ಊರಿಗೆ ಊರೇ ಹೊಲಕ್ಕೆ ಓಡುತ್ತಿತ್ತು. ಆಸ್ಪತ್ರೆಗೆ ಬರುವವರು ಕಡಿಮೆಯಾದರು. ಕಾಯಿ ಬಿಡಿಸುವ ದಿನಗಳಲ್ಲಿ ರೋಗಕ್ಕೂ ಪುರುಸೊತ್ತಿಲ್ಲ ಎಂದು ನರ್ಸಮ್ಮ ಅನ್ನುತ್ತಿದ್ದರು.

ಅಂಥ ಒಂದು ದಿನ ಬೆಳಿಗ್ಗೆಯೇ ಟ್ರ್ಯಾಕ್ಟರಿನ ಸದ್ದು ಕೇಳಿತು. ನೋಡಿದರೆ ಈರಣ್ಣನ ಟ್ರ್ಯಾಕ್ಟರ್, ಗಾಲಿಯ ಮೇಲೆಲ್ಲ ಮಣ್ಣು. ಹಿಂದಿನ ಡಬ್ಬಿಯಲ್ಲಿ ತಾಡಪತ್ರಿ ಹೊದ್ದು ಶೋಭಾ ಕೂತಿದ್ದಳು, ತೊಡೆಯ ಮೇಲೆ ಭೂಮಿಕಾ. ಪಕ್ಕದಲ್ಲಿ ನೀಲವ್ವ ಬಟ್ಟಲು ಹಿಡಿದಿದ್ದಳು. ಆ ಬಟ್ಟಲಲ್ಲಿ ಹಸಿರು.

“ನಿನ್ನಿ ಸಂಜಿಂದ ನೋವು ಹೋಗವಲ್ದ್ರಿ,” ಎಂದ ಈರಣ್ಣ. “ಮುಂಜಾನೆಯಿಂದ ಹಿಂಗ ಕಾರಿಕೊಳ್ಳಾಕತ್ತಾಳ. ನೀವು ಹೇಳಿದ್ರಲ್ಲಾ, ಅದಕ್ಕ ಹಂಗ ಹೇರಿಕೊಂಡ ಬಂದ್ವಿ.”

ಹೊಟ್ಟೆ ಉಬ್ಬಿತ್ತು. ಕಿವಿಗೆ ಕೊಳವೆ ಹಚ್ಚಿ ಕೇಳಿದರೆ ಒಳಗೆ ಟಿಣ್ ಟಿಣ್ ಎಂಬ ಎತ್ತರದ ಸದ್ದು. ಹಿಂದಿನ ದಿನದಿಂದ ಮಲವಿಲ್ಲ, ಗಾಳಿಯಿಲ್ಲ. ಪುಸ್ತಕದಲ್ಲಿ ಓದಿದ್ದು ಕಣ್ಣೆದುರು ಮಲಗಿತ್ತು. ಕರುಳು ಕಟ್ಟಿದೆ. ಯಾಕೆ ಎಂದು ಮಾತ್ರ ಗೊತ್ತಿಲ್ಲ. ಹಿಂದೆ ಹೊಟ್ಟೆಯ ಆಪರೇಶನ್ ಆದವರಿಗೆ ಒಳಗೆ ಗಾಯದ ಎಳೆ ಬೆಳೆದು ಹೀಗಾಗುತ್ತದೆ. ಈ ಹುಡುಗಿಯ ಹೊಟ್ಟೆಗೆ ಯಾರೂ ಚಾಕು ತಾಗಿಸಿರಲಿಲ್ಲ.

ಸೂಜಿ ಹಾಕಿ ಸಲೈನ್ ಏರಿಸಿದೆ. ಮೂಗಿನಿಂದ ಸಣ್ಣ ನಳಿಗೆ ಇಳಿಸಿದೆ, ಹೊಟ್ಟೆಯಲ್ಲಿದ್ದ ಹಸಿರು ನೀರು ಹೊರಬರಲಿ ಎಂದು. ಹುಬ್ಬಳ್ಳಿಯ ಮಕ್ಕಳ ಸರ್ಜನ್‌ಗೆ ಫೋನ್ ಮಾಡಿದೆ. ಅವರು ನನಗೆ ಪಾಠ ಹೇಳಿದವರು. “ಹಂಗ ಹೊತ್ತಕೊಂಡ ಬಾ,” ಎಂದರು.

ನೇರ ಹಾದಿಗೆ ಹಳ್ಳ ಉಕ್ಕಿ ಬಂದಿತ್ತು. ಆಂಬ್ಯುಲೆನ್ಸ್ ನವಲಗುಂದದ ಮೇಲೆ ಸುತ್ತು ಹಾಕಿ ಹೋಗಬೇಕಾಯಿತು. ನಾನೂ ಹತ್ತಿದೆ. ದಾರಿಯುದ್ದ ನೀಲವ್ವ ಮೊಮ್ಮಗಳ ಪಾದ ಹಿಡಿದುಕೊಂಡು ಕೂತಿದ್ದಳು. ಸೊಸೆಯನ್ನು ಏನು ತಿನ್ನಿಸಿದಿ ಎಂದು ಅಂದು ಕೇಳಲಿಲ್ಲ. ನಳಿಗೆಯಲ್ಲಿ ಹಸಿರು ನೀರು ಇಳಿಯುವುದನ್ನೇ ನೋಡುತ್ತಿದ್ದಳು. ಒಮ್ಮೆ ಮಾತ್ರ, ಯಾರಿಗೂ ಅಲ್ಲದ ಹಾಗೆ ಅಂದಳು.

“ಈ ಬಣ್ಣಾ ನಾ ನೋಡೇನಿ.”

ಹುಬ್ಬಳ್ಳಿಯಲ್ಲಿ ಸರ್ಜನ್ ಎಕ್ಸ್‌ರೇ ನೋಡಿ, ಹೊಟ್ಟೆ ಮುಟ್ಟಿ, ಹೊರಗೆ ಬಂದರು. ನಿಧಾನವಾಗಿ ಮಾತಾಡುವ ಮನುಷ್ಯ. “ಕರುಳು ಕಟ್ಟೇತಿ. ಹೊಟ್ಟಿ ತಗದ ನೋಡಬೇಕು. ಯಾಕ ಕಟ್ಟೇತಿ ಅನ್ನೂದು ತಗದ ಮ್ಯಾಲನ ಗೊತ್ತಾಗತೈತಿ. ಈಗನ ಮಾಡಬೇಕು.”

ಈರಣ್ಣ ಗೋಡೆಗೆ ಕೈಕೊಟ್ಟು ನಿಂತ. “ಒಂದ ದಿವಸ ಔಷಧದಾಗ ನೋಡೂಣ್ರಿ ಸಾಹೇಬ್ರ. ಹೆಣ್ಣು ಹುಡುಗಿ. ಇಷ್ಟ ಸಣ್ಣ ಹೊಟ್ಟಿ ಕೊಯ್ಯೂದಂದ್ರ...”

ಅಷ್ಟರಲ್ಲಿ ನೀಲವ್ವ ಬೆಂಚಿನಿಂದ ಎದ್ದು ನಿಂತಿದ್ದಳು.

“ನಿಮ್ಮಣ್ಣ ಮಲ್ಲೂ ಹಿಂಗ ಹಸರು ಕಾರಿಕೊಂಡ ಹೋದ,” ಎಂದಳು. “ನೀ ಇನ್ನಾ ಹುಟ್ಟಿದ್ದಿಲ್ಲ. ಆವಾಗ ನಮಗ ಕೊಯ್ಯವರು ಸಿಗಲಿಲ್ಲ. ಇಲ್ಲಿ ಎದರಿಗೆ ನಿಂತಾರ, ನೀ ನಾಳೆ ಅಂತಿ.” ಆಮೇಲೆ ಸರ್ಜನ್ ಕಡೆ ತಿರುಗಿ, “ಕೊಯ್ರಿ ಯಪ್ಪಾ. ನಾ ಹೇಳತೀನಿ, ಕೊಯ್ರಿ.”

ಈರಣ್ಣ ಸಹಿ ಮಾಡಿದ.

ಸರ್ಜನ್ ನನಗೂ ಕೈ ತೊಳೆದುಕೊಂಡು ಒಳಗೆ ಬರಲು ಹೇಳಿದರು. ಹೊಟ್ಟೆ ತೆರೆದಾಗ ಮೊದಲು ಕಂಡದ್ದು ಉಬ್ಬಿದ ಕರುಳು. ಅವರು ಬೆರಳಿನಿಂದ ಮೆಲ್ಲಗೆ ಸರಿಸುತ್ತ, ಉಬ್ಬಿದ್ದು ಎಲ್ಲಿ ಮುಗಿಯುತ್ತದೆ, ಬತ್ತಿದ್ದು ಎಲ್ಲಿ ಸುರುವಾಗುತ್ತದೆ ಎಂದು ಹುಡುಕುತ್ತ ಹೋದರು. ಬಲಗಡೆ ಕೆಳಗೆ ಸಿಕ್ಕಿತು. ಒಂದು ಎಳೆ. ಸೀರೆಯೊಳಗಿನ ಪರಕಾರದ ಲಾಡಿಗಿಂತ ಸಣ್ಣದು. ಬೆಳ್ಳಗೆ, ಬಿಗಿಯಾಗಿ, ಕರುಳನ್ನು ಹಿಡಿದ ಪೊರೆಯಿಂದ ಹೊಟ್ಟೆಯ ಒಳಗೋಡೆಗೆ ಯಾರೋ ಹುರಿ ಕಟ್ಟಿದಂತಿತ್ತು. ಅದರ ಅಡಿಗೆ ಸಣ್ಣಕರುಳಿನ ಒಂದು ಸುರುಳಿ ನುಸುಳಿ ಸಿಕ್ಕಿಕೊಂಡು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

“ಇದು ಯಾವಾಗಿಂದ ಸರ್?”

“ತಾಯಿ ಹೊಟ್ಟ್ಯಾಗ ಇದ್ದಾಗಿಂದ. ಕರುಳು ತನ್ನ ಜಾಗಾ ಹಿಡಿಯೂಮುಂದ ಕರಗಬೇಕಾದದ್ದೊಂದು ಕರಗದ ಉಳದೇತಿ. ಇಷ್ಟ ದಿವಸ ಕರುಳು ಇದರ ಬುಡಕ ಹೋಗೂದು, ಜಾರಿ ಹೊರಗ ಬರೂದು ಮಾಡೇತಿ. ಅದಕ್ಕ ಸ್ಕ್ಯಾನಿನಾಗ ಏನೂ ಕಂಡಿಲ್ಲ. ಈ ಸಲ ಹೊರಗ ಬರಲಿಲ್ಲ.”

ಕತ್ತರಿಯ ಒಂದು ಸಣ್ಣ ಸದ್ದು. ಎಳೆ ತುಂಡಾಯಿತು. ಒಂದು ಮಗುವನ್ನು ವರ್ಷಗಟ್ಟಲೆ ಊಟಕ್ಕೆ ಅಂಜಿಸಿದ್ದು ಅಷ್ಟೇ ಇತ್ತು.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಕಪ್ಪಾದ ಭಾಗ ಬದುಕಿದೆಯೋ ಸತ್ತಿದೆಯೋ ನೋಡಬೇಕಿತ್ತು. ಸತ್ತಿದ್ದರೆ ಕತ್ತರಿಸಿ ತೆಗೆಯಬೇಕು. ಬಿಸಿ ಸಲೈನಿನಲ್ಲಿ ಅದ್ದಿದ ಬಟ್ಟೆ ಹೊದಿಸಿ ಕಾದೆವು. ಸರ್ಜನ್ ಬಟ್ಟೆ ತೆಗೆದು ನೋಡಿದರು, ಮತ್ತೆ ಹೊದಿಸಿದರು. ಇನ್ನೊಮ್ಮೆ ತೆಗೆದಾಗ ಅಂಚಿನಲ್ಲಿ ಬಣ್ಣ ಬದಲಾಗಿತ್ತು. ನೇರಳೆ ಕೆಂಪಾಯಿತು, ಕೆಂಪು ತಿಳಿಯಾಯಿತು. ನೋಡನೋಡುತ್ತಿದ್ದಂತೆ ಆ ಸುರುಳಿಯ ಮೇಲೆ ಸಣ್ಣ ಅಲೆಯೊಂದು ಹರಿದುಹೋಯಿತು. ಕರುಳು ತನ್ನ ಕೆಲಸ ಸುರುಮಾಡಿತ್ತು. ಮುಖಕ್ಕೆ ಕಟ್ಟಿದ ಬಟ್ಟೆಯ ಒಳಗೆ ನಾನು ನಗುತ್ತಿದ್ದೆ. ಸರ್ಜನ್ ಕೂಡ ನಗುತ್ತಿದ್ದರು ಎಂದು ಅವರ ಕಣ್ಣಿನ ಬದಿಯ ಗೆರೆಗಳಿಂದ ತಿಳಿಯಿತು.

ಹೊರಗೆ ಮೂವರೂ ಬೆಂಚಿನಲ್ಲಿ ಕೂತಿದ್ದರು, ನಡುವೆ ಒಬ್ಬೊಬ್ಬರಷ್ಟು ಜಾಗ ಬಿಟ್ಟುಕೊಂಡು. ನಮ್ಮನ್ನು ಕಂಡು ಎದ್ದು ನಿಂತರು. ಸರ್ಜನ್ ಅವರಿಗೆ ಎಲ್ಲವನ್ನೂ ಹೇಳಿದರು. ಎಳೆ ಕತ್ತರಿಸಿದ್ದು, ಕರುಳು ಉಳಿದದ್ದು, ಮಗಳು ಪಾರಾದದ್ದು. ಈರಣ್ಣ ಎರಡೂ ಕೈಯಿಂದ ಮುಖ ಒರೆಸಿಕೊಂಡ. ಶೋಭಾ ಅಲ್ಲೇ ಕುಸಿದು ಕೂತಳು. ನೀಲವ್ವ ಮಾತ್ರ ಹಾಗೇ ನಿಂತು ಕೇಳಿದಳು.

“ಏನ್ ತಿಂದಿದ್ದಕ್ಕ ಹಿಂಗಾತ್ರಿ?”

“ತಿಂದಿದ್ದಕ್ಕಲ್ಲ ಅಜ್ಜಿ. ಹುಟ್ಟತಾನ ಬಂದದ್ದು.”

“ಉಂಡಿ ತಿಂದಿದ್ರ?”

“ಉಂಡಿ ತಿಂದ್ರೂ ಅಷ್ಟ, ಗಂಜಿ ಕುಡದ್ರೂ ಅಷ್ಟ. ತಾಯಿ ಏನೂ ತಪ್ಪ ಮಾಡಿಲ್ಲ, ನೀವೂ ಮಾಡಿಲ್ಲ.”

ನೀಲವ್ವ ಬೆಂಚಿನ ಹಿಡಿಕೆ ಹಿಡಿದಳು. “ನನ್ನ ಹಿರೇಮಗ ಮಲ್ಲೂ, ಪಂಚಮಿ ದಿವಸ ಇನ್ನೊಂದ ಉಂಡಿ ಕೊಡಬೇ ಅಂದ. ಕೊಟ್ಟೆ. ಮತ್ತೊಂದ ಅಂದ. ಅದನ್ನೂ ಕೊಟ್ಟೆ. ಅವತ್ತ ಹೊಟ್ಟಿ ಹಿಡಕೊಂಡ. ನಮ್ಮತ್ತಿ ಸಾಯೂತನಕಾ ಅಂದ್ಲು, ನೀನ ಉಂಡಿ ತಿನಿಸಿ ಕೊಂದಿ ಅಂತ. ಅಂವಗೂ ಇದ ಇತ್ತೇನ್ರಿ?”

ಸರ್ಜನ್ ಸುಳ್ಳು ಸಮಾಧಾನ ಹೇಳುವವರಲ್ಲ. ಅವಳ ಎದುರಿನ ಬೆಂಚಿನಲ್ಲಿ ಕೂತರು. “ನೋಡದ ಹೇಳಾಕ ಬರೂದಿಲ್ಲ ಅಜ್ಜಿ. ಇದ ಇತ್ತೋ, ಬ್ಯಾರೆ ಏನರ ಇತ್ತೋ. ಹಸರು ಕಾರಿಕೊಂಡ ಅಂದ್ರ ಕರುಳು ಎಲ್ಲೋ ಕಟ್ಟಿತ್ತು. ಅಷ್ಟ ಹೇಳಬಲ್ಲೆ. ತಾಯಿ ಪ್ರೀತಿಲೆ ಕೊಟ್ಟ ಉಂಡಿಗೆ ಕರುಳು ಕಟ್ಟೂದಿಲ್ಲ.”

ನೀಲವ್ವ ತಲೆಯಾಡಿಸಿದಳು. ಅಳಲಿಲ್ಲ. ಆಗ ನನಗೆ ಅರ್ಧ ಉಂಡಿಯೂ ತಿಳಿಯಿತು, ಅಡುಗೆಮನೆ ಬಾಗಿಲಿನ ಪ್ರಶ್ನೆಯೂ ತಿಳಿಯಿತು. ಅತ್ತೆ ತನ್ನನ್ನು ಕೇಳಿದ್ದನ್ನೇ ಅವಳು ಸೊಸೆಯನ್ನು ಕೇಳುತ್ತ ಬಂದಿದ್ದಳು. ಅವಳು ನೆಲದ ಮೇಲೆ ಕೂತಿದ್ದ ಶೋಭಾಳ ಬಳಿ ಹೋಗಿ ಬಗ್ಗಿ, ಕಳಚಿದ ಅವಳ ತುರುಬನ್ನು ಕೈಯಿಂದ ಸುತ್ತಿ ಕಟ್ಟಿದಳು.

“ನೀ ನಿನ್ನಿಂದ ಕಣ್ಣು ಮುಚ್ಚಿಲ್ಲ. ಒಂದೀಟು ಅಡ್ಡಾಗು. ನಾ ಕುಂದರತೀನಿ,” ಎಂದಳು.

ಮರುದಿನ ನಾನು ಮೊರಬಕ್ಕೆ ಮರಳಿದೆ. ಆಪರೇಶನ್ ಆದ ಮೇಲೆ ಕರುಳು ಸರಿಯಾಗಿ ನಡೆಯುತ್ತಿದೆ ಎನ್ನುವುದಕ್ಕೆ ಮೊದಲ ಗುರುತು ಗಾಳಿ ಹೋಗುವುದು. ಅದು ಹೋಗುವವರೆಗೆ ಬಾಯಿಗೆ ನೀರೂ ಇಲ್ಲ. ಹೀಗಾಗಿ ಆ ವಾರ್ಡಿನಲ್ಲಿ ಎಲ್ಲರೂ ಅದನ್ನೇ ಕಾಯುತ್ತಿದ್ದರು. ಇತ್ತ ಮೊರಬದಲ್ಲಿ ನರ್ಸಮ್ಮ, ಹೊಲದ ನೆರೆಹೊರೆಯವರು, ಅವರ ಹೆಸರುಕಾಯಿ ಬಿಡಿಸಲು ಬಂದ ಆಳುಗಳು ಕೂಡ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. “ಹೋತೇನ್ರಿ ಬಾಯಾರ?” ಮಳೆ ಬಿಟ್ಟ ದಿನ ನೋಡಿ ಆ ಜನವೇ ಈರಣ್ಣನ ಹೊಲದ ಕಾಯಿ ಬಿಡಿಸಿ ಒಳಗೆ ಹಾಕಿದರು.

ಒಂದು ಮಧ್ಯಾಹ್ನ ಈರಣ್ಣನ ಫೋನ್ ಬಂತು. “ಬಾಯಾರ, ಅದು... ನೀವು ಹೇಳಿದ್ರಲ್ಲಾ... ಆತ್ರಿ.”

“ಯಾವುದು ಆತ್ರಿ?”

“ಅದ ರೀ, ಗಾಳಿ...”

ಹಿಂದಿನಿಂದ ನೀಲವ್ವನ ದನಿ ಕೇಳಿಸಿತು. “ಹೂಸಿದ್ಲು ಅಂತ ಬಾಯಿಬಿಟ್ಟ ಹೇಳೋ. ಅದರಾಗ ನಾಚಗೊಳ್ಳೂದೇನೈತಿ.”

ನಾನೂ ನರ್ಸಮ್ಮನೂ ನಕ್ಕ ನಗೆಗೆ ಹೊರಗೆ ಚೀಟಿ ಹಿಡಿದು ಕೂತಿದ್ದವರೆಲ್ಲ ಎದ್ದು ಇಣುಕಿದರು. ನರ್ಸಮ್ಮ ವಿಷಯ ತಿಳಿಸಿದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು.

ಆ ರವಿವಾರ ಹುಬ್ಬಳ್ಳಿಗೆ ಹೋದೆ. ಭೂಮಿಕಾ ದಿಂಬಿಗೆ ಒರಗಿ ಕೂತಿದ್ದಳು. ನಾನು ಹೊಟ್ಟೆಯ ಪಟ್ಟಿ ನೋಡುತ್ತಿರುವಾಗ ಅವಳು ನನ್ನ ಹೆಗಲ ಮೇಲಿಂದ ತಾಯಿಯನ್ನು ಹುಡುಕಿ, “ಅವ್ವಾ, ಹಸವಾಗೇತಿ,” ಎಂದಳು.

ಶೋಭಾ ಕೈಯಲ್ಲಿದ್ದ ಲೋಟ ಇಟ್ಟಳು. “ಮತ್ತೊಮ್ಮಿ ಹೇಳು?”

“ಹಸವಾಗೇತಿ. ಏನರ ಕೊಡು.”

ಹುಟ್ಟಿದಾಗಿನಿಂದ ಈ ಮಾತು ತಾನಾಗಿ ಅವಳ ಬಾಯಿಂದ ಬಂದಿದ್ದಿಲ್ಲ ಎಂದು ಶೋಭಾ ಆಮೇಲೆ ಹೇಳಿದಳು. ಯಾವಾಗಲೂ ಕೂಳು ಹಿಡಿದುಕೊಂಡು ಬೆನ್ನು ಹತ್ತುವುದೇ ಆಗಿತ್ತಂತೆ. ಅಂದು ಬಟ್ಟಲ ಗಂಜಿಯನ್ನು ಭೂಮಿಕಾ ತಾನೇ ಚಮಚ ಹಿಡಿದು ಉಂಡಳು. ನಾವು ಮೂರು ಹೆಂಗಸರು ಸಿನಿಮಾ ನೋಡುವವರ ಹಾಗೆ ಎದುರಿಗೆ ಕೂತು ನೋಡಿದೆವು.

ಆಮೇಲಿನ ತಿಂಗಳುಗಳು ನನಗೆ ಒಟ್ಟಾಗಿ, ಒಂದೇ ಒಳ್ಳೆಯ ದಿನದಂತೆ ನೆನಪಿವೆ. ಹಿಂಗಾರಿ ಬಿತ್ತಿದರು. ಜೋಳ ಮೊಣಕಾಲಿಗೆ ಬಂತು, ನಡುವಿಗೆ ಬಂತು. ಕಡಲೆ ಹೂವಾಯಿತು. ಭೂಮಿಕಾ ಶಾಲೆಯಿಂದ ಬರುವಾಗ ಆಸ್ಪತ್ರೆಗೆ ನುಗ್ಗಿ, ತಾನೇ ತೂಕದ ಮೇಲೆ ಹತ್ತಿ ನಿಂತು ನನ್ನನ್ನು ಕರೆಯುತ್ತಿದ್ದಳು.

ಎಳ್ಳ ಅಮಾವಾಸ್ಯೆಗೆ ಅವರ ಹೊಲಕ್ಕೆ ಚರಗ ಚೆಲ್ಲಲು ಹೋದೆವು. ಭೂಮಿತಾಯಿಗೆ ಎಡೆ ತೋರಿಸಿ, ಬೆಳೆಯ ನಡುವೆ ಅನ್ನ ಎರಚಿ, ಬನ್ನಿ ಗಿಡದ ನೆರಳಿಗೆ ಕಂಬಳಿ ಹಾಸಿ ಊಟಕ್ಕೆ ಕೂತೆವು. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಕೆನೆಮೊಸರು. ಸುತ್ತ ಹಸಿರು ಜೋಳ, ತಣ್ಣಗಿನ ಗಾಳಿ. ಎಲ್ಲರ ಹೊಟ್ಟೆಯೂ ತುಂಬಿದ ಹೊತ್ತಿಗೆ, ದೂರದಲ್ಲಿ ಕಟ್ಟಿದ್ದ ಕರು ನೋಡಿ ನೀಲವ್ವ ತಾನಾಗಿಯೇ ನಗತೊಡಗಿದಳು.

“ಮಲ್ಲೂ ಒಮ್ಮಿ ಏನ್ ಮಾಡಿದ್ದ ಗೊತ್ತೇನು? ಆಗಷ್ಟ ಹುಟ್ಟಿದ ಕರಾ ಹೊತಗೊಂಡು ಸೀದಾ ಮಠಕ್ಕ ಹೋಗಿದ್ದ. ಮಠದ ಸ್ವಾಮಿ ಅಜ್ಜಾರು ಕೇಳಿದರಂತ, ಯಾಕೋ ತಮ್ಮಾ ಅಂತ. ‘ಇದೂ ನಮ್ಮ ಮನ್ಯಾಗ ಹುಟ್ಟೇತ್ರಿ, ಲಿಂಗಾ ಕಟ್ರಿ,’ ಅಂದ.”

“ಅಜ್ಜಾರು ಏನಂದ್ರು?” ಶೋಭಾ ಕೇಳಿದಳು.

“ಅವರೂ ಶಾಣ್ಯಾ ಮಂದಿ. ಕರದ ಹಣಿಗೆ ವಿಭೂತಿ ಹಚ್ಚಿ, ದೊಡ್ಡದಾಗಲಿ ಕಟ್ಟೂಣು ಅಂತ ಕಳಿಸಿದ್ರು. ದಿನಾ ಮುಂಜಾನೆದ್ದು ಕರಾ ಅಳತಿ ಮಾಡಾಂವ, ದೊಡ್ಡದಾತೇನು ಅಂತ.”

ಎಲ್ಲರೂ ನಕ್ಕರು. ಈರಣ್ಣ ನಕ್ಕು, ನನ್ನ ಕಡೆ ಬಾಗಿ ಮೆಲ್ಲಗೆ ಅಂದ. “ನಮ್ಮಣ್ಣ ಹೆಂಗ ಹೋದ ಅನ್ನೂದಷ್ಟ ಗೊತ್ತಿತ್ರಿ ನನಗ. ಹೆಂಗ ಇದ್ದ ಅಂತ ಇವತ್ತ ಕೇಳಾಕತ್ತೇನಿ.”

ಭೂಮಿಕಾ ಅಜ್ಜಿಯ ತೊಡೆಗೆ ಒರಗಿ ಬದನೆಕಾಯಿ ನೆಂಚಿಕೊಂಡು ಇನ್ನೂ ರೊಟ್ಟಿ ತಿನ್ನುತ್ತಿದ್ದಳು. “ಮಲ್ಲೂ ಯಾರ ಆಯಿ?”

“ನಿಮ್ಮ ದೊಡ್ಡಪ್ಪ.”

“ಎಷ್ಟ ದೊಡ್ಡಾಂವ?”

“ನಿನ್ನಷ್ಟ ಇದ್ದ.”

ಹುಡುಗಿ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದಳು. “ನನ್ನಷ್ಟ ಇದ್ದಾಂವ ದೊಡ್ಡಪ್ಪ ಹೆಂಗ ಆಕ್ಕಾನ?”

ನೀಲವ್ವ ಅವಳ ಮುಖವನ್ನೇ ನೋಡಿದಳು. “ಹೌದ ನೋಡವಾ,” ಎಂದಳು. “ಹಂಗಾರ ನಿನ್ನ ಗೆಳೆಯಾ ಅಂತ ತಿಳಕೋ.”

“ಮತ್ತ ಏನೇನ್ ಮಾಡಿದ್ದ ಅಂವಾ?”

ನೀಲವ್ವ ಸೆರಗಿಗೆ ಕೈ ಒರೆಸಿಕೊಂಡು, ಕಾಲು ಚಾಚಿ, ಕಥೆ ಹೇಳುವವರ ಹಾಗೆ ಸರಿಯಾಗಿ ಕೂತಳು.

“ಏನ್ ಮಾಡಿದ್ದಿಲ್ಲ ಅಂತ ಕೇಳು,” ಎಂದಳು.